ಕೀಬೋರ್ಡಿಗೂ ಪ್ರೋಗ್ರಾಮಿಗೂ ನಡುವೆ ಕೂತವನು

ವಿಜಯಪುರದಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳು ಮತ್ತು ಸರ್ವಿಸ್ ಕೆಲಸ ಮಾಡುವ ಗೆಳೆಯರ ಮುಂದೆ, ಕಮಾಂಡ್ ಹೊಡೆಯುವ ಟರ್ಮಿನಲ್ ಮತ್ತು ಅದನ್ನು ಹೊಂದಿಸುವ ಎಸ್‌ಟಿಟಿವೈ ಎಂಬ ಕಮಾಂಡ್ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಬ್ಬಿನ ಹಂಗಾಮಿನ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳ ಉದ್ದ ಸಾಲು. ಕಾಟಾ ಮನೆಯಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಇಟ್ಟಿದ್ದರು. ಅದರಲ್ಲಿ ಯೂನಿಕ್ಸ್ ಮಾದರಿಯ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಕಾಟಾದ ಯಂತ್ರ ತೋರಿಸುವ ತೂಕ ಒಂದು ಸೀರಿಯಲ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ಚೀಟಿ ಪ್ರಿಂಟ್ ಆಗಬೇಕು. ತೂಕ ಬರುತ್ತಿತ್ತು, ಆದರೆ ಕೆಟ್ಟು ಬರುತ್ತಿತ್ತು.

ಖಾಲಿ ಟ್ರ್ಯಾಕ್ಟರ್ ನಿಂತಾಗ 5390 ಎಂದು ಸ್ವಚ್ಛವಾಗಿ ಬಂತು. ಕಬ್ಬು ತುಂಬಿದ ಗಾಡಿ ನಿಂತಿತು. ಯಂತ್ರದ ಮೇಲೆ ಕೆಂಪಗೆ 21740 ಅಂತಿದೆ. ಕಂಪ್ಯೂಟರಿನಲ್ಲಿ ನಾಲ್ಕು ಕಪ್ಪು ಚೌಕ, ಒಳಗೆ ಪ್ರಶ್ನಾರ್ಥಕ ಚಿಹ್ನೆ, ಕೊನೆಗೆ ಒಂದು ಸೊನ್ನೆ. ಕೇಬಲ್ ಹೋಗಿದೆ ಎಂದು ಕೇಬಲ್ ಬದಲಿಸಿದ್ದರು. ಎರಡು ಸಲ. ಒಬ್ಬ ಹಿರಿಯ ರೈತರು ಒಳಗೆ ಬಂದು, "ಸಾಹೇಬ್ರ, ನನ್ನ ತೂಕ ಖರೇ ಐತೋ ಇಲ್ಲೋ ಅಷ್ಟ ಹೇಳ್ರಿ" ಎಂದರು. ಅವರಿಗೆ ಆ ಅಂಕಿ ಒಂದು ವರ್ಷದ ದುಡಿಮೆ. ಆ ರಾತ್ರಿ ತೂಕವನ್ನೆಲ್ಲ ಕೈಯಲ್ಲಿ ಬರೆದುಕೊಟ್ಟರು.

ನಾನು ಒಂದು ಹಾಳೆ ತೆಗೆದುಕೊಂಡು, ಯಂತ್ರದ ಅಂಕಿಯನ್ನೂ ಕಂಪ್ಯೂಟರಿನ ಅಂಕಿಯನ್ನೂ ಎದುರುಬದುರು ಬರೆಯುತ್ತ ಕೂತೆ. ಹತ್ತು ಗಾಡಿ ಆಗುವಷ್ಟರಲ್ಲಿ ಒಂದು ಲೆಕ್ಕ ಕಂಡಿತು. 0, 3, 5, 6, 9 ಯಾವಾಗಲೂ ಸರಿ. 1, 2, 4, 7, 8 ಯಾವಾಗಲೂ ಹಾಳು. ಹರಿದ ಕೇಬಲ್ ಹೀಗೆ ಅಂಕಿ ಆರಿಸಿ ಆರಿಸಿ ಕೆಡಿಸುವುದಿಲ್ಲ. ಈ ಐದಕ್ಕೂ ಆ ಐದಕ್ಕೂ ಏನು ವ್ಯತ್ಯಾಸ ಎಂದು ನೀವೂ ಯೋಚಿಸುತ್ತಿರಿ. ಉತ್ತರ ಮುಂದೆ ಬರುತ್ತದೆ. ಅದಕ್ಕೆ ಮೊದಲು ಕೀಬೋರ್ಡ್ ಮತ್ತು ಪ್ರೋಗ್ರಾಮಿನ ನಡುವೆ ಕೂತವನ ಪರಿಚಯ ಆಗಬೇಕು.

ತಹಶೀಲ್ದಾರ್ ಕಚೇರಿಯ ಎದುರು ಅರ್ಜಿ ಬರೆಯುವವರು ಕೂತಿರುತ್ತಾರಲ್ಲ, ಅವರನ್ನು ನೆನಪಿಗೆ ತಂದುಕೊಳ್ಳಿ. ನೀವು ಹೇಳುತ್ತೀರಿ, ಅವರು ಬರೆಯುತ್ತಾರೆ. "ಅಲ್ರೀ, ಸರ್ವೇ ನಂಬರ್ ತಪ್ಪಾತು" ಅಂದರೆ ಹೊಡೆದು ಹಾಕುತ್ತಾರೆ. "ಇದು ಪೂರಾ ಬ್ಯಾಡ, ಮೊದಲಿಂದ ಬರೀರಿ" ಅಂದರೆ ಹೊಸ ಹಾಳೆ. ಒಳಗೆ ಕೂತ ಅಧಿಕಾರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ನೀವು "ಆತು, ಕೊಡ್ರಿ" ಅಂದ ಮೇಲೆ ತಿದ್ದಿದ ಪ್ರತಿ ಒಂದೇ ಒಳಗೆ ಹೋಗುತ್ತದೆ.

ಯೂನಿಕ್ಸ್‌ನಲ್ಲಿ ಈ ಅರ್ಜಿ ಬರೆಯುವವರ ಕೆಲಸ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಅದರ ಒಳಗಿನ ಒಂದು ಭಾಗದ್ದು. ಅದರ ಹೆಸರು ಲೈನ್ ಡಿಸಿಪ್ಲಿನ್. ನೀವು ಕೀ ಒತ್ತಿದಾಗ ಅಕ್ಷರ ನೇರವಾಗಿ ಪ್ರೋಗ್ರಾಮಿಗೆ ಹೋಗುವುದಿಲ್ಲ. ಇವರ ಹಾಳೆಯ ಮೇಲೆ ಕೂಡುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಅಕ್ಷರ ಹೊಡೆಯುತ್ತಾರೆ. ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಒಂದು ಪದ, ಕಂಟ್ರೋಲ್ ಯು ಒತ್ತಿದರೆ ಇಡೀ ಸಾಲು. ಎಂಟರ್ ಎಂದರೆ "ಆತು, ಕೊಡ್ರಿ". ಈ ರೀತಿಗೆ ಕ್ಯಾನಾನಿಕಲ್ ಮೋಡ್ ಎನ್ನುತ್ತಾರೆ, ಸೆಟ್ಟಿಂಗಿನ ಹೆಸರು ಐಕ್ಯಾನನ್. ಲಿನಕ್ಸ್‌ನಲ್ಲಿ ಈ ಹಾಳೆಗೆ ಅಳತೆಯೂ ಇದೆ. ಒಂದು ಸಾಲು 4096 ಬೈಟ್ ದಾಟುವಂತಿಲ್ಲ.

ಕಂಟ್ರೋಲ್ ಡಿ ಬಗ್ಗೆ ತುಂಬ ಜನರಿಗೆ ತಪ್ಪು ತಿಳುವಳಿಕೆ ಇದೆ. ಅದು "ಮುಗಿಯಿತು" ಎನ್ನುವ ಅಕ್ಷರ ಅಂದುಕೊಳ್ಳುತ್ತೇವೆ. ಹಾಗಲ್ಲ. "ಎಂಟರ್ ಬೇಡ, ಬರೆದಷ್ಟನ್ನೇ ಈಗ ಒಳಗೆ ಕೊಟ್ಟು ಬನ್ನಿ" ಎಂದು ಅದರ ಅರ್ಥ. ಹಾಳೆಯಲ್ಲಿ ಏನಾದರೂ ಇದ್ದರೆ ಅಷ್ಟು ಹೋಗುತ್ತದೆ. ಹಾಳೆ ಖಾಲಿ ಇದ್ದರೆ ಬರಿಗೈಯಲ್ಲಿ ಹೋಗುತ್ತಾರೆ. ಬರಿಗೈ ನೋಡಿದ ಪ್ರೋಗ್ರಾಮ್ ಇನ್ನೇನೂ ಬರುವುದಿಲ್ಲ ಎಂದು ತಿಳಿಯುತ್ತದೆ. ಅದಕ್ಕೇ ಸಾಲಿನ ಮಧ್ಯದಲ್ಲಿ ಕಂಟ್ರೋಲ್ ಡಿ ಎರಡು ಸಲ ಒತ್ತಬೇಕಾಗುತ್ತದೆ. ಕಂಟ್ರೋಲ್ ಸಿ ಬೇರೆ ಜಾತಿಯದು. ಅದನ್ನು ಬರೆದುಕೊಳ್ಳುವುದೇ ಇಲ್ಲ. ಅದು ಬಂದರೆ ಮುಂದೆ ಓಡುತ್ತಿರುವ ಪ್ರೋಗ್ರಾಮಿಗೆ ನಿಲ್ಲು ಎಂದು ಸಿಗ್ನಲ್ ಹೋಗುತ್ತದೆ.

ಇಷ್ಟಕ್ಕೂ ಇವರಿಗೆ ಹೇಗೆ ಕೆಲಸ ಮಾಡಬೇಕು ಎಂದು ಹೇಳುವ ಕಮಾಂಡ್ ಎಸ್‌ಟಿಟಿವೈ. ಎಸ್ ಎಂದರೆ ಸೆಟ್, ಟಿಟಿವೈ ಎಂದರೆ ಟೆಲಿಟೈಪ್.

ಟೆಲಿಟೈಪ್ ಈಗ ಯಾರ ಮನೆಯಲ್ಲೂ ಇಲ್ಲ. ಆದರೂ ಅದನ್ನು ತಿಳಿಯದೆ ಈ ಸೆಟ್ಟಿಂಗ್‌ಗಳು ತಲೆಗೆ ಹತ್ತುವುದಿಲ್ಲ. ನಾನು ಅವುಗಳನ್ನು ಬಾಯಿಪಾಠ ಮಾಡಲು ಹೋಗಿ ಎಷ್ಟೋ ಸಲ ಸೋತೆ. ಯಂತ್ರದ ಕಥೆ ಗೊತ್ತಾದ ಮೇಲೆ ತಾವಾಗಿಯೇ ನೆನಪು ಉಳಿದವು.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಗೆಳೆಯರು 1969ರಲ್ಲಿ ಯೂನಿಕ್ಸ್ ಶುರು ಮಾಡಿದಾಗ ಹೆಚ್ಚಾಗಿ ಎದುರಿಗೆ ಇರುತ್ತಿದ್ದದ್ದು ಸ್ಕ್ರೀನ್ ಅಲ್ಲ. ಟೈಪ್‌ರೈಟರ್ ತರಹದ ಟೆಲಿಟೈಪ್ ಇತ್ತು. 1963ರಲ್ಲಿ ಬಂದ ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು. ಕಾಗದದ ಮೇಲೆ ಹೊಡೆದದ್ದನ್ನು ಅಳಿಸಲು ಆಗದು, ಅಲ್ವಾ? ಹಾಗಾಗಿ ಮೊದಲಿನ ಯೂನಿಕ್ಸ್‌ನಲ್ಲಿ ಒಂದು ಅಕ್ಷರ ಅಳಿಸಲು ಹ್ಯಾಷ್ ಗುರುತು ಒತ್ತಬೇಕಿತ್ತು. ಇಡೀ ಸಾಲು ಬೇಡವಾದರೆ ಅಟ್ ಗುರುತು, ಈಗ ಇಮೇಲ್ ವಿಳಾಸದಲ್ಲಿ ಹಾಕುತ್ತೇವಲ್ಲ ಅದು. ಕಾಗದದ ಮೇಲೆ ತಪ್ಪು ಅಕ್ಷರವೂ ಉಳಿಯುತ್ತಿತ್ತು, ಪಕ್ಕದಲ್ಲಿ ಹ್ಯಾಷ್ ಗುರುತೂ ಉಳಿಯುತ್ತಿತ್ತು. ಕರ್ನಲ್ ಒಳಗಿನ ಹಾಳೆಯಲ್ಲಿ ಮಾತ್ರ ಅಕ್ಷರ ಹೋಗುತ್ತಿತ್ತು. ಕೆಲವು ಟರ್ಮಿನಲ್‌ಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬಿಟ್ಟರೆ ಬೇರೆ ಅಕ್ಷರವೇ ಇರಲಿಲ್ಲ. ಲಾಗಿನ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟರೆ, ಪಾಪ ಇವರದು ಅಂಥ ಯಂತ್ರ ಎಂದು ತಿಳಿದು ಯೂನಿಕ್ಸ್ ತಾನೇ ಹೊಂದಿಕೊಳ್ಳುತ್ತಿತ್ತು. ನಮ್ಮ ಲಿಪಿಗೆ ಈ ದೊಡ್ಡಕ್ಷರ ಚಿಕ್ಕಕ್ಷರದ ತಾಪತ್ರಯ ಇಲ್ಲ. ಬೇರೆ ತಾಪತ್ರಯ ಇದೆ, ಕೊನೆಗೆ ಬರುತ್ತೇನೆ.

ಇಲ್ಲಿ ಟೈಪಿಂಗ್ ಕ್ಲಾಸಿಗೆ ಹೋದವರು ಯಾರಾದರೂ ಇದ್ದೀರಾ? ಇದ್ದೀರಿ. ಸಾಲು ಮುಗಿದಾಗ ಎಡಗೈಯಿಂದ ಒಂದು ಹಿಡಿ ತಳ್ಳುತ್ತಿದ್ದೆವು. ಆ ಒಂದು ತಳ್ಳಿಗೆ ಎರಡು ಕೆಲಸ ಆಗುತ್ತಿತ್ತು. ಕಾಗದ ಒಂದು ಸಾಲು ಮೇಲೆ ಸರಿಯುತ್ತಿತ್ತು, ಕ್ಯಾರೇಜ್ ಮತ್ತೆ ಸಾಲಿನ ಮೊದಲಿಗೆ ಬರುತ್ತಿತ್ತು. ಟೆಲಿಟೈಪ್‌ನಲ್ಲಿ ಇವು ಎರಡು ಬೇರೆ ಬೇರೆ ಸಂಕೇತ. ಕ್ಯಾರೇಜ್ ರಿಟರ್ನ್ 13ನೇ ನಂಬರ್, ಲೈನ್ ಫೀಡ್ 10ನೇ ನಂಬರ್. ಯೂನಿಕ್ಸ್ ಫೈಲ್‌ನಲ್ಲಿ ಸಾಲಿನ ಕೊನೆಗೆ 10 ಒಂದೇ ಸಾಕು ಎಂದು ತೀರ್ಮಾನಿಸಿತು. ಹಾಗಾದರೆ ಕ್ಯಾರೇಜನ್ನು ಎಡಕ್ಕೆ ಎಳೆಯುವವರು ಯಾರು? ಮತ್ತೆ ನಮ್ಮ ಅರ್ಜಿ ಬರೆಯುವವರೇ. ಪ್ರೋಗ್ರಾಮಿನಿಂದ 10 ಹೊರಗೆ ಬಂದರೆ ಅದಕ್ಕೆ ಮೊದಲು 13 ಸೇರಿಸುತ್ತಾರೆ. ಈ ಸೆಟ್ಟಿಂಗ್ ಓಎನ್‌ಎಲ್‌ಸಿಆರ್. ಒಳಗೆ ಬರುವಾಗ ತಿರುಗಾಮುರುಗ. ಎಂಟರ್ ಕೀ ಕಳಿಸುವುದು 13, ಅದನ್ನು 10 ಮಾಡುತ್ತಾರೆ. ಅದು ಐಸಿಆರ್‌ಎನ್‌ಎಲ್.

ಓಎನ್‌ಎಲ್‌ಸಿಆರ್ ತೆಗೆದು ನೋಡಿ. ಒಂದು ಸಾಲು ಎಲ್ಲಿ ಮುಗಿಯಿತೋ ಮುಂದಿನ ಸಾಲು ಅದರ ಕೆಳಗಿನಿಂದಲೇ ಶುರು. ಸ್ಕ್ರೀನ್ ತುಂಬ ಬಾವಡಿಯ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಎಂದಾದರೂ ನಿಮ್ಮ ಸ್ಕ್ರೀನ್ ಹೀಗೆ ಮೆಟ್ಟಿಲಾದರೆ ಗಾಬರಿ ಬೇಡ. ಕ್ಯಾರೇಜ್ ಎಳೆಯುವವರು ಕೈಬಿಟ್ಟಿದ್ದಾರೆ, ಅಷ್ಟೇ.

ಈಗ ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್ ಕಿಟಕಿಯಲ್ಲಿ ಎಸ್‌ಟಿಟಿವೈ ಎಂದು ಹೊಡೆದು, ಜಾಗ ಬಿಟ್ಟು, -ಎ ಸೇರಿಸಿ ಎಂಟರ್ ಕೊಡಿ. ಒಂದಿಷ್ಟು ಸಾಲು ಬರುತ್ತವೆ. ಮೊದಲಿಗೆ ವೇಗ, ಎಷ್ಟು ಸಾಲು, ಎಷ್ಟು ಕಾಲಮ್. ಆಮೇಲೆ ಯಾವ ಕೆಲಸಕ್ಕೆ ಯಾವ ಕೀ ಎಂಬ ಪಟ್ಟಿ. ಅಲ್ಲಿ ಟೋಪಿಯಂಥ ಒಂದು ಗುರುತು ಇದೆ ನೋಡಿ, ಅದರ ಅರ್ಥ ಕಂಟ್ರೋಲ್. ಟೋಪಿ ಸಿ ಎಂದರೆ ಕಂಟ್ರೋಲ್ ಸಿ. ಕಂಟ್ರೋಲ್ ಹಿಡಿದರೆ ಅಕ್ಷರದ ನಂಬರಿನಿಂದ 64 ಕಳೆಯುತ್ತದೆ. ಇಂಗ್ಲಿಷಿನ ಸಿ 67, ಆದ್ದರಿಂದ ಕಂಟ್ರೋಲ್ ಸಿ 3. ಎಂ 77, ಆದ್ದರಿಂದ ಕಂಟ್ರೋಲ್ ಎಂ 13. ಅಂದರೆ ಕಂಟ್ರೋಲ್ ಎಂ ಮತ್ತು ಎಂಟರ್ ಎರಡೂ ಒಂದೇ. ಈಗಲೇ ಒತ್ತಿ ನೋಡಬಹುದು.

ಕೊನೆಗೆ ಸೆಟ್ಟಿಂಗ್‌ಗಳ ದೊಡ್ಡ ಸಂತೆ. ಹೆಸರಿಗೆ ಮೊದಲು ಮೈನಸ್ ಇದ್ದರೆ ಅದು ಆಫ್, ಇಲ್ಲದಿದ್ದರೆ ಆನ್. ಬದಲಿಸುವುದೂ ಹಾಗೆಯೇ. ಇವು ನಾಲ್ಕು ಗುಂಪು: ಒಳಗೆ ಬರುವುದು, ಹೊರಗೆ ಹೋಗುವುದು, ಕೇಬಲ್ ಮೇಲಿನ ಬಿಟ್‌ಗಳು, ಮತ್ತು ಹಾಳೆಯ ಮೇಲಿನ ಕೆಲಸ. ಯೂನಿಕ್ಸ್ ತರಹದ ಸಿಸ್ಟಂಗಳಿಗಾಗಿ ಮಾಡಿದ 1988ರ ಪಾಸಿಕ್ಸ್ ಮಾನದಂಡದಲ್ಲಿ ಟರ್ಮಿಯೋಸ್ ಎಂಬ ಹೆಸರಿನಲ್ಲಿ ಇವನ್ನೆಲ್ಲ ಒಂದು ಕಡೆ ಕಟ್ಟಿದರು. ಎಲ್ಲವನ್ನೂ ಕಲಿಯಬೇಕಿಲ್ಲ. ಕ್ಯಾರೇಜ್ ಎಡಕ್ಕೆ ಬರುವವರೆಗೆ ಎಷ್ಟು ಹೊತ್ತು ಕಾಯಬೇಕು ಎಂಬ ಸೆಟ್ಟಿಂಗ್ ಕೂಡ ಅಲ್ಲಿದೆ. ಅದು ನಮಗೆ ಬೇಕಾಗುವುದಿಲ್ಲ.

"ಸರ್, ನಾನು ಐಕ್ಯಾನನ್ ಆಫ್ ಮಾಡಿದೆ, ಪ್ರಾಂಪ್ಟ್‌ನಲ್ಲಿ ಏನೂ ಫರಕ್ ಕಾಣವಲ್ದು" ಎಂದು ಒಬ್ಬ ತಮ್ಮ ಅಲ್ಲೇ ಕೇಳಿದ. ಒಳ್ಳೆಯ ಪ್ರಶ್ನೆ. ಬ್ಯಾಶ್ ಶೆಲ್, ಅಂದರೆ ನೀವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್, ನಿಮ್ಮ ಸಾಲನ್ನು ತಾನೇ ತಿದ್ದುತ್ತದೆ. ಪ್ರಾಂಪ್ಟ್ ತೋರಿಸುವಾಗ ಅರ್ಜಿ ಬರೆಯುವವರನ್ನು ಪಕ್ಕಕ್ಕೆ ಕೂರಿಸುತ್ತದೆ, ಕಮಾಂಡ್ ಓಡಿಸುವ ಮುಂಚೆ ಮತ್ತೆ ಕರೆಯುತ್ತದೆ. ವ್ಯತ್ಯಾಸ ಕಾಣಬೇಕಾದರೆ, ಒಳಗೆ ಬಂದದ್ದನ್ನು ಹಾಗೇ ಹೊರಗೆ ಹಾಕುವ ಕ್ಯಾಟ್ ಎಂಬ ಕಮಾಂಡನ್ನು ಸುಮ್ನೆ ಹಾಗೇ ಓಡಿಸಿ. ಐಕ್ಯಾನನ್ ಆನ್ ಇದ್ದರೆ ಸಾಲು ಮುಗಿಸಿ ಎಂಟರ್ ಕೊಟ್ಟ ಮೇಲೆ ಅದೇ ಸಾಲು ಇನ್ನೊಮ್ಮೆ ಬರುತ್ತದೆ. ಆಫ್ ಇದ್ದರೆ ಒಂದೊಂದು ಅಕ್ಷರವೂ ಒತ್ತಿದ ಕೂಡಲೇ ಜೋಡಿಯಾಗಿ ಬೀಳುತ್ತದೆ. ಮೊದಲನೆಯದು ಪ್ರತಿಧ್ವನಿ, ಎರಡನೆಯದು ಕ್ಯಾಟ್ ಕೊಟ್ಟ ಉತ್ತರ.

ಪ್ರತಿಧ್ವನಿ ಎಂದೆ. ಈ ಊರಿನವರಿಗೆ ಅದನ್ನು ವಿವರಿಸಬೇಕಿಲ್ಲ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ಶಾಲೆಯ ದಿನಗಳಲ್ಲಿ ಎಲ್ಲರೂ ಕೂಗಿದ್ದೇವೆ. ನಿಮ್ಮ ಕಿವಿಗೆ ಮತ್ತೆ ಬಂದದ್ದು ಗೋಡೆ ಕೊಟ್ಟದ್ದು. ಟರ್ಮಿನಲ್‌ನಲ್ಲಿಯೂ ನೀವು ನೋಡುವ ಅಕ್ಷರ ಕೀಬೋರ್ಡಿನಿಂದ ನೇರವಾಗಿ ಸ್ಕ್ರೀನಿಗೆ ಹಾರಿದ್ದಲ್ಲ. ಅದು ಆ ಕಡೆಗೆ ಹೋಗಿ ಅಲ್ಲಿಂದ ತಿರುಗಿ ಬಂದದ್ದು. ಈ ಸೆಟ್ಟಿಂಗಿನ ಹೆಸರೇ ಎಕೋ. ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದಾಗ ನೆಟ್ ನಿಧಾನ ಇದ್ದರೆ ಅಕ್ಷರ ತಡವಾಗಿ ಮೂಡುತ್ತದೆ, ಗಮನಿಸಿದ್ದೀರಾ? ಆಗ ಗೋಡೆ ಇರುವುದೇ ಬೇರೆ ಊರಿನಲ್ಲಿ.

ಸುಡೋ ಎಂಬ ಕಮಾಂಡ್ ಪಾಸ್‌ವರ್ಡ್ ಕೇಳಿದಾಗ ಸಾಮಾನ್ಯವಾಗಿ ಏನು ಒತ್ತಿದರೂ ಕಾಣುವುದಿಲ್ಲ. ಮೊದಲ ವರ್ಷದ ಮಕ್ಕಳು "ಮೇಡಂ, ಕೀಬೋರ್ಡ್ ಕೆಟ್ಟೈತಿ" ಎನ್ನುತ್ತಾರೆ. ಕೀಬೋರ್ಡ್ ಚೆನ್ನಾಗಿಯೇ ಇದೆ. ಪ್ರೋಗ್ರಾಮ್ ಎಕೋ ಆಫ್ ಮಾಡಿದೆ, ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡುತ್ತದೆ. ನೀವೇ ಇಂಥ ಸ್ಕ್ರಿಪ್ಟ್ ಬರೆದರೆ ಒಂದು ಎಚ್ಚರ. ಎಕೋ ಆಫ್ ಇದ್ದಾಗ ಬಳಕೆದಾರರು ಕಂಟ್ರೋಲ್ ಸಿ ಒತ್ತಿದರೆ ಸ್ಕ್ರಿಪ್ಟ್ ಅಲ್ಲೇ ಸಾಯುತ್ತದೆ, ಟರ್ಮಿನಲ್ ಮೂಕವಾಗಿಯೇ ಉಳಿಯಬಹುದು. ಆದ್ದರಿಂದ ಮೊದಲು ಎಸ್‌ಟಿಟಿವೈ -ಜಿ ಎಂದು ಕೇಳಿ ಈಗಿನ ಸ್ಥಿತಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಅದನ್ನು ಹಾಗೇ ಎಸ್‌ಟಿಟಿವೈಗೆ ಮತ್ತೆ ಕೊಟ್ಟರೆ ಮೊದಲಿನಂತೆ ಆಗುತ್ತದೆ. ಟ್ರ್ಯಾಪ್ ಎಂಬ ಕಮಾಂಡ್‌ನಲ್ಲಿ ಆ ಸಾಲು ಹಾಕಿಡಿ, ಕಂಟ್ರೋಲ್ ಸಿ ಒತ್ತಿ ಹೊರಗೆ ಹೋದರೂ ಅದು ಓಡುತ್ತದೆ. ಬೇರೆಯವರ ಮನೆಯಲ್ಲಿ ಲೈಟ್ ಆರಿಸಿದ್ದರೆ ಹೊರಡುವಾಗ ಹಚ್ಚಿ ಹೋಗುತ್ತೇವಲ್ಲ, ಅಷ್ಟೇ ಸಹಜವಾಗಿ ಇದು ರೂಢಿಯಾಗಬೇಕು.

ಈಗ ಕಂಟ್ರೋಲ್ ಎಸ್. ಇದರಿಂದ ಎಷ್ಟು ಯಂತ್ರಗಳನ್ನು ಸುಮ್ನೆ ರೀಸ್ಟಾರ್ಟ್ ಮಾಡಿದ್ದಾರೋ! ಒಂದು ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಎರಡು ತಾಸು ಕೂತು ಪ್ರೋಗ್ರಾಮ್ ಬರೆದಿದ್ದಳು. ಬೇರೆ ಎಡಿಟರ್‌ಗಳ ರೂಢಿಯಂತೆ ಸೇವ್ ಮಾಡಲು ಕಂಟ್ರೋಲ್ ಎಸ್ ಒತ್ತಿದಳು. ಸ್ಕ್ರೀನ್ ನಿಂತಿತು. "ಸರ್, ಹ್ಯಾಂಗ್ ಆಗೇತ್ರಿ" ಎಂದಳು. ಲ್ಯಾಬ್ ನೋಡಿಕೊಳ್ಳುವವರು ಬಂದು ಪವರ್ ಬಟನ್ ಒತ್ತಿದರು. ನಾನು ಪಕ್ಕದ ಸಾಲಿನಲ್ಲಿದ್ದೆ, ಎದ್ದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಗುವಿನ ಮುಖ ಇನ್ನೂ ನೆನಪಿದೆ. ಕಂಟ್ರೋಲ್ ಕ್ಯೂ ಒತ್ತಿದ್ದರೆ ಸಾಕಿತ್ತು.

ಟೆಲಿಟೈಪ್‌ನಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿ ಓದುವ ಒಂದು ಭಾಗ ಇರುತ್ತಿತ್ತು. ಅದನ್ನು ನಿಲ್ಲಿಸಲು 19ನೇ ಸಂಕೇತ, ಮತ್ತೆ ಓಡಿಸಲು 17ನೆಯದು. ಕಂಟ್ರೋಲ್ ಎಸ್, ಕಂಟ್ರೋಲ್ ಕ್ಯೂ. ಮುಂದೆ ಸ್ಕ್ರೀನ್ ಟರ್ಮಿನಲ್ ಬಂದಾಗ, "ತಡಿ, ಓದಿ ಮುಗಿಸಿಲ್ಲ" ಎಂದು ಹೇಳಲು ಅದನ್ನೇ ಬಳಸಿದರು. ಈಗ ಮೌಸ್ ತಿರುಗಿಸಿ ಮೇಲೆ ಹೋಗಿ ಓದುತ್ತೇವೆ. ಆದ್ದರಿಂದ ನನ್ನ ಸಲಹೆ: ಬ್ಯಾಶ್ ಶುರುವಾಗುವಾಗ ಓದುವ ನಿಮ್ಮ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಎಸ್‌ಟಿಟಿವೈ -ಐಎಕ್ಸ್‌ಆನ್ ಎಂಬ ಸಾಲು ಸೇರಿಸಿ. ಆಮೇಲೆ ಕಂಟ್ರೋಲ್ ಎಸ್ ಒತ್ತಿದರೆ ಏನೂ ನಿಲ್ಲುವುದಿಲ್ಲ. ಬ್ಯಾಶ್‌ನಲ್ಲಿ ಹಳೆಯ ಕಮಾಂಡ್‌ಗಳನ್ನು ಮುಂದಕ್ಕೆ ಹುಡುಕುವ ಸೌಲಭ್ಯ ಆ ಕೀ ಮೇಲೆಯೇ ಇದೆ, ಅದೂ ಸಿಗುತ್ತದೆ. ಎದುರಿಗೆ ಟರ್ಮಿನಲ್ ಇರುವ ಶೆಲ್‌ನಲ್ಲಿ ಮಾತ್ರ ಆ ಸಾಲು ಓಡುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹಿನ್ನೆಲೆಯ ಸ್ಕ್ರಿಪ್ಟ್‌ಗಳಲ್ಲಿ ದೂರು ಬರುತ್ತದೆ.

ಕೆಲವು ಪ್ರೋಗ್ರಾಮ್‌ಗಳಿಗೆ ನಡುವೆ ಯಾರೂ ಬೇಡ. ವಿಐ ಎಡಿಟರ್‌ಗೆ ನೀವು ಒತ್ತಿದ ಪ್ರತಿ ಕೀ ಆ ಕ್ಷಣಕ್ಕೇ ಬೇಕು. ಲೆಸ್, ಟಾಪ್ ಕೂಡ ಹಾಗೆಯೇ. ಅವು ಶುರುವಾದಾಗ ಸೆಟ್ಟಿಂಗ್ ಬದಲಿಸುತ್ತವೆ, ಹೊರಡುವಾಗ ಮೊದಲಿನಂತೆ ಮಾಡುತ್ತವೆ. ಹೊರಡುವ ಮುಂಚೆಯೇ ಯಾರಾದರೂ ಕಿಲ್ -9 ಎಂದು ಕತ್ತು ಹಿಸುಕಿದರೆ ಮೊದಲಿನಂತೆ ಮಾಡಲು ಅವಕಾಶ ಸಿಗುವುದಿಲ್ಲ. ಈಗಿನ ಬ್ಯಾಶ್ ಎಷ್ಟೋ ಸಲ ತಾನೇ ಸರಿಪಡಿಸುತ್ತದೆ. ಎಲ್ಲ ಶೆಲ್‌ಗಳೂ ಹಾಗಲ್ಲ. ಒತ್ತಿದ್ದು ಕಾಣುವುದಿಲ್ಲ, ಎಂಟರ್ ಕೊಟ್ಟರೆ ಕೆಲಸ ಆಗುವುದಿಲ್ಲ, ಅಥವಾ ಟೋಪಿ ಎಂ ಎಂದು ಬರುತ್ತದೆ. ಆಗ ಮಾಡಬೇಕಾದದ್ದು: ಕಂಟ್ರೋಲ್ ಜೆ ಒತ್ತಿ. ಕಾಣದಿದ್ದರೂ ಎಸ್‌ಟಿಟಿವೈ ಸೇನ್ ಎಂದು ಹೊಡೆಯಿರಿ. ಮತ್ತೆ ಕಂಟ್ರೋಲ್ ಜೆ. ಎಂಟರ್ ಯಾಕಲ್ಲ? ಎಂಟರ್ ಕಳಿಸುವುದು 13, ಅದನ್ನು 10 ಮಾಡುವ ಐಸಿಆರ್‌ಎನ್‌ಎಲ್ ಆಗ ಆಫ್ ಆಗಿರುತ್ತದೆ. ಕಂಟ್ರೋಲ್ ಜೆ ನೇರವಾಗಿ 10 ಕಳಿಸುತ್ತದೆ. ಸೇನ್ ಎಂದರೆ ಬುದ್ಧಿ ಸ್ಥಿಮಿತದಲ್ಲಿ ಇರುವುದು. ನನಗೆ ಈ ಹೆಸರು ಬಹಳ ಇಷ್ಟ.

ಇನ್ನೊಂದು ದಾರಿಯೂ ಇದೆ. ಕೆಟ್ಟ ಕಿಟಕಿಯನ್ನು ಹಾಗೇ ಬಿಟ್ಟು ಬೇರೆ ಕಿಟಕಿ ತೆರೆಯಿರಿ. ಕೆಟ್ಟದ್ದರ ಹೆಸರು /ಡೆವ್/ಪಿಟಿಎಸ್/3 ಎಂದಿಟ್ಟುಕೊಳ್ಳಿ. ಎಸ್‌ಟಿಟಿವೈ -ಎಫ್ ಎಂದು ಆ ಹೆಸರು ಕೊಟ್ಟು ಸೇನ್ ಸೇರಿಸಿದರೆ ದೂರದಿಂದಲೇ ಸರಿಯಾಗುತ್ತದೆ. ಲಿನಕ್ಸ್‌ನಲ್ಲಿ ಈ ಎಫ್ ದೊಡ್ಡಕ್ಷರ, ಮ್ಯಾಕ್ ಮತ್ತು ಬಿಎಸ್‌ಡಿಯಲ್ಲಿ ಚಿಕ್ಕಕ್ಷರ.

ಫೋಟೋ ಫೈಲನ್ನು ತಪ್ಪಿ ಕ್ಯಾಟ್ ಮಾಡಿದಾಗ ಅಕ್ಷರಗಳೆಲ್ಲ ಗೆರೆ, ಚೌಕ ಆಗಿಬಿಡುತ್ತವಲ್ಲ, ಅದಕ್ಕೆ ಮಾತ್ರ ಸೇನ್ ಸಾಕಾಗುವುದಿಲ್ಲ. ಕೆಟ್ಟಿದ್ದು ಕರ್ನಲ್ ಕಡೆಯದಲ್ಲ. ಫೈಲ್‌ನಲ್ಲಿದ್ದ ಯಾವುದೋ ಸಂಕೇತ ಟರ್ಮಿನಲ್ ಕಿಟಕಿಗೆ "ಬೇರೆ ಅಕ್ಷರಮಾಲೆ ಬಳಸು" ಎಂದು ಹೇಳಿಬಿಟ್ಟಿದೆ. ಅಲ್ಲಿಗೆ ರೀಸೆಟ್ ಎಂಬ ಕಮಾಂಡ್ ಬೇಕು. ಅದು ಎರಡೂ ಕಡೆ ಸರಿಪಡಿಸುತ್ತದೆ.

ಈಗ ಕಾಟಾ ಮನೆಗೆ ಹೋಗೋಣ.

ಸೀರಿಯಲ್ ಕೇಬಲ್‌ನಲ್ಲಿ ಒಂದು ಅಕ್ಷರ ಹತ್ತು ಬಿಟ್ ಆಗಿ, ಅಂದರೆ ಹತ್ತು ಸೊನ್ನೆ-ಒಂದುಗಳಾಗಿ ಸಾಗುತ್ತದೆ. ಮೊದಲು ಒಂದು ಸ್ಟಾರ್ಟ್ ಬಿಟ್, ನಡುವೆ ಎಂಟು ಡೇಟಾ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್. ಇದು ಈಗಿನ ಸಾಮಾನ್ಯ ರೂಢಿ. 9600 ವೇಗ ಎಂದರೆ ಸೆಕೆಂಡಿಗೆ 960 ಅಕ್ಷರ. ಆದರೆ ಆ ಕಾಟಾ ಯಂತ್ರ ಹಳೆಯ ರೂಢಿಯದು. ಅದು ಏಳೇ ಡೇಟಾ ಬಿಟ್ ಕಳಿಸುತ್ತಿತ್ತು, ಎಂಟನೆಯ ಜಾಗದಲ್ಲಿ ಪ್ಯಾರಿಟಿ ಬಿಟ್. ಒಂದು, ಏಳು, ಒಂದು, ಒಂದು. ಒಟ್ಟು ಹತ್ತೇ! ಉದ್ದ ಎರಡಕ್ಕೂ ಸಮ. ವೇಗವೂ ಸಮ. ಹಾಗಾಗಿ ಕಂಪ್ಯೂಟರಿಗೆ ಎಲ್ಲಿಯೂ ಅನುಮಾನ ಬರಲಿಲ್ಲ. ಅದು ಪ್ಯಾರಿಟಿಯನ್ನೂ ಡೇಟಾ ಎಂದೇ ಓದಿತು.

ಸಮ ಪ್ಯಾರಿಟಿಯ ನಿಯಮ ಸರಳ. ಏಳು ಬಿಟ್‌ಗಳಲ್ಲಿ ಎಷ್ಟು ಒಂದುಗಳಿವೆ ಎಣಿಸು. ಸಮ ಸಂಖ್ಯೆ ಇದ್ದರೆ ಪ್ಯಾರಿಟಿ ಸೊನ್ನೆ. ಬೆಸ ಇದ್ದರೆ ಪ್ಯಾರಿಟಿ ಒಂದು. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಲೆಕ್ಕ ತಪ್ಪಿ ಗೊತ್ತಾಗಲಿ ಎಂದು ಈ ಏರ್ಪಾಡು. ಈಗ ನಮ್ಮ ಅಂಕಿಗಳನ್ನು ತೆಗೆದುಕೊಳ್ಳಿ. ಸೊನ್ನೆಯ ಸಂಕೇತ 48, ಅಂದರೆ 0110000. ಎರಡು ಒಂದು. ಸಮ. ಪ್ಯಾರಿಟಿ ಸೊನ್ನೆ, ಎಂಟನೆಯ ಬಿಟ್ ಖಾಲಿ, ಅಂಕಿ ಸರಿಯಾಗಿ ಬಂತು. ಒಂದರ ಸಂಕೇತ 49, 0110001. ಮೂರು ಒಂದು. ಬೆಸ. ಪ್ಯಾರಿಟಿ ಒಂದು, ಎಂಟನೆಯ ಬಿಟ್ ತುಂಬಿತು. 49 ಇದ್ದದ್ದು 177 ಆಯಿತು, ಸ್ಕ್ರೀನ್ ಮೇಲೆ ಕಪ್ಪು ಚೌಕ. ಹೀಗೇ ಎಣಿಸುತ್ತ ಹೋಗಿ. 3, 5, 6, 9ರಲ್ಲಿ ನಾಲ್ಕು ನಾಲ್ಕು ಒಂದು. 2, 4, 8ರಲ್ಲಿ ಮೂರು ಮೂರು. 7ರಲ್ಲಿ ಐದು. ನನ್ನ ಹಾಳೆಯ ಎರಡು ಪಟ್ಟಿ ಕರಾರುವಾಕ್ಕಾಗಿ ಬಂದವು.

ಸಾಲುಗಳು ಮಾತ್ರ ಸರಿಯಾಗಿ ಮುರಿಯುತ್ತಿದ್ದವು, ಅದೇ ನಮ್ಮನ್ನು ದಾರಿ ತಪ್ಪಿಸಿದ್ದು. ಆ ಯಂತ್ರ ಪ್ರತಿ ತೂಕದ ಕೊನೆಗೆ 13 ಮತ್ತು 10 ಎರಡನ್ನೂ ಕಳಿಸುತ್ತಿತ್ತು. 13ರಲ್ಲಿ ಮೂರು ಒಂದು, ಅದು ಕೆಟ್ಟಿತು. 10ರಲ್ಲಿ ಎರಡು, ಅದು ಉಳಿಯಿತು. ಬರೀ 13 ಕಳಿಸುವ ಯಂತ್ರವಾಗಿದ್ದರೆ ಸಾಲೇ ಮುಗಿಯುತ್ತಿರಲಿಲ್ಲ, ಪ್ರೋಗ್ರಾಮ್ ಬೆಳಗಿನವರೆಗೆ ಕಾಯುತ್ತಿತ್ತು. ಖಾಲಿ ಟ್ರ್ಯಾಕ್ಟರಿನ 5390ರಲ್ಲಿ ಎಲ್ಲ ಅಂಕಿಯೂ ಸಮ. ಅದಕ್ಕೇ ಅದು ಅಷ್ಟು ಸ್ವಚ್ಛವಾಗಿ ಬಂದದ್ದು.

ಸರಿಪಡಿಸಲು ಬೇಕಾದದ್ದು ಒಂದು ಸಾಲು. ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಯುಎಸ್‌ಬಿ0 9600 ಈವನ್‌ಪಿ. ಈವನ್‌ಪಿ ಎಂಬ ಒಂದು ಪದದಲ್ಲಿ ಮೂರು ಸೆಟ್ಟಿಂಗ್ ಅಡಗಿವೆ: ಏಳು ಡೇಟಾ ಬಿಟ್, ಪ್ಯಾರಿಟಿ ಆನ್, ಅದು ಸಮ. ಮುಂದಿನ ಗಾಡಿ ನಿಂತಿತು. ಕಂಪ್ಯೂಟರಿನಲ್ಲಿ ಯಂತ್ರದ ಅಂಕಿಯೇ ಬಂತು. ನಾನು ಇನ್ನೂ ಒಂದನ್ನು ಸೇರಿಸಿದೆ, ಐಎನ್‌ಪಿಸಿಕೆ. ಅದು ಆನ್ ಇದ್ದರೆ ಪ್ಯಾರಿಟಿ ತಪ್ಪಿದ ಅಕ್ಷರ ಅಂಕಿಯ ವೇಷದಲ್ಲಿ ಒಳಗೆ ಬರುವುದಿಲ್ಲ. ಸುಮ್ಮನೆ ಎಂಟನೆಯ ಬಿಟ್ ಕತ್ತರಿಸಿ ಹಾಕಿದ್ದರೆ ಸ್ಕ್ರೀನ್ ಸ್ವಚ್ಛ ಆಗುತ್ತಿತ್ತು. ಆದರೆ ತೂಕದ ವಿಷಯದಲ್ಲಿ ಸ್ವಚ್ಛವಾಗಿ ಕಾಣುವ ತಪ್ಪು ಅಂಕಿ ಕಪ್ಪು ಚೌಕಕ್ಕಿಂತ ಜಾಸ್ತಿ ಅಪಾಯ.

ಕೇಬಲ್ ಕಂಪ್ಯೂಟರಿಗೆ ಸೇರಿದ್ದ ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿದರೆ ಈ ಸೆಟ್ಟಿಂಗ್ ಉಳಿಯುವುದಿಲ್ಲ. ಆದ್ದರಿಂದ ತೂಕ ಓದುವ ಪ್ರೋಗ್ರಾಮ್ ಶುರುವಾಗುವ ಸ್ಕ್ರಿಪ್ಟ್‌ನಲ್ಲೇ ಆ ಸಾಲು ಹಾಕಿದೆವು. ಕೇಬಲ್ ಬದಲಿಸುವ ಮುಂಚೆ ಯಂತ್ರದ ಕೈಪಿಡಿಯಲ್ಲಿ ಪ್ಯಾರಿಟಿ ಏನಿದೆ ನೋಡಿ ಎಂದು ಸರ್ವಿಸ್ ಗೆಳೆಯರಿಗೆ ಕೈಮುಗಿದು ಕೇಳುತ್ತೇನೆ.

"ಸರ್, ಕನ್ನಡ ಟೈಪ್ ಮಾಡಿದ್ರ ಟರ್ಮಿನಲ್‌ನಾಗ ಅಳಿಸೋದು ಸರಿ ಆಗೂದಿಲ್ಲಲ್ರಿ?" ಹಿಂದಿನ ಬೆಂಚಿನಿಂದ ಒಬ್ಬ ತಂಗಿ ಕೇಳಿದಳು. ಕೊನೆಗೆ ಬರುತ್ತೇನೆ ಎಂದಿದ್ದ ತಾಪತ್ರಯ ಇದೇ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಮೂರು ಬೈಟ್. ವಿಜಯಪುರ ಎಂಬ ಹೆಸರು ಬಾಯಲ್ಲಿ ಐದು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಕೋಡ್, ಯಾಕೆಂದರೆ ಗುಡಿಸು ಮತ್ತು ಕೊಂಬು ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಒಟ್ಟು 21 ಬೈಟ್. ಅರ್ಜಿ ಬರೆಯುವವರಿಗೆ ಇದನ್ನು ಹೇಳದಿದ್ದರೆ ಅವರು ಒಂದು ಬ್ಯಾಕ್‌ಸ್ಪೇಸಿಗೆ ಒಂದು ಬೈಟ್ ಹೊಡೆಯುತ್ತಾರೆ. ಹೇಳುವ ಸೆಟ್ಟಿಂಗ್ ಐಯುಟಿಎಫ್8, ಲಿನಕ್ಸ್‌ನಲ್ಲಿದೆ.

ಪ್ರೊಜೆಕ್ಟರ್ ಮೇಲೆ ಮಾಡಿ ತೋರಿಸಿದೆವು. ಅದನ್ನು ಆಫ್ ಮಾಡಿ, ಕ್ಯಾಟ್ ಓಡಿಸಿ, ಆ ತಂಗಿಯೇ ವಿಜಯಪುರ ಎಂದು ಬರೆದಳು. ಒಂಬತ್ತು ಸಲ ಬ್ಯಾಕ್‌ಸ್ಪೇಸ್. ಸ್ಕ್ರೀನ್ ಮೇಲೆ ಹೆಸರು ಪೂರ್ತಿ ಅಳಿಸಿಹೋಯಿತು. ಎಂಟರ್ ಕೊಟ್ಟಳು. ಖಾಲಿ ಸಾಲಿನ ಕೆಳಗೆ ವಿಜಯ ಎಂದು ಬಂತು! ಕಣ್ಣಿಗೆ ಎಲ್ಲ ಹೋಗಿತ್ತು, ಹಾಳೆಯಿಂದ ಹೋಗಿದ್ದು ಒಂಬತ್ತೇ ಬೈಟ್, ಅಂದರೆ ಪುರ ಎಂಬ ಕೊನೆಯ ಭಾಗ. ಆಮೇಲೆ ಐಯುಟಿಎಫ್8 ಆನ್ ಮಾಡಿ ಅದೇ ಪುರವನ್ನು ಅಳಿಸಿದೆವು. ಮೂರು ಸಲ ಒತ್ತಿದರೆ ಸಾಕಾಯಿತು.

ಆದರೂ ಪೂರ್ತಿ ಸರಿಯಿಲ್ಲ. ಕರ್ನಲ್‌ಗೆ ನಮ್ಮ ಅಕ್ಷರದ ಅಗಲ ಗೊತ್ತಿಲ್ಲ. ಒಂದು ಕೋಡ್ ಅಳಿಸಿದಾಗಲೆಲ್ಲ ಕರ್ಸರ್ ಒಂದು ಮನೆ ಹಿಂದೆ ಸರಿಯಲಿ ಎನ್ನುತ್ತದೆ. ವಿ ಎಂಬ ಅಕ್ಷರದ ಗುಡಿಸಿಗೆ ಟರ್ಮಿನಲ್ ಬೇರೆ ಮನೆ ಕೊಟ್ಟಿರುವುದಿಲ್ಲ. ಗುಡಿಸು ಅಳಿಸಿದರೂ ಕರ್ಸರ್ ಒಂದು ಮನೆ ಹೋಗುತ್ತದೆ, ಮುಂಚಿನ ಅಕ್ಷರದ ಮೇಲೆ ಕೂಡುತ್ತದೆ. ಹಾಳೆಯಲ್ಲಿ ಸರಿ, ಸ್ಕ್ರೀನ್ ಮೇಲೆ ತಪ್ಪು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಗೊಂದಲ ಜಾಸ್ತಿ.

"ಇದನ್ನ ಯಾರು ಸರಿಪಡಿಸಬೇಕ್ರಿ?" ಎಂದಳು.

ಲಿನಕ್ಸ್ ಕರ್ನಲ್‌ನ ಸೋರ್ಸ್ ಎಲ್ಲರಿಗೂ ತೆರೆದಿದೆ ಎಂದೆ. ಡ್ರೈವರ್ಸ್ ಫೋಲ್ಡರಿನ ಒಳಗೆ ಟಿಟಿವೈ ಫೋಲ್ಡರ್, ಅದರಲ್ಲಿ ಎನ್_ಟಿಟಿವೈ.ಸಿ ಎಂಬ ಫೈಲ್. ಬ್ಯಾಕ್‌ಸ್ಪೇಸ್ ಒತ್ತಿದಾಗ ಓಡುವ ಫಂಕ್ಷನ್ ಹೆಸರು ಇರೇಸರ್. ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳ ಗೆಳತಿ ಲ್ಯಾಪ್‌ಟಾಪಿನಲ್ಲಿ ಆ ಫೈಲ್ ತೆರೆದಿದ್ದಳು. ಏಳೆಂಟು ಜನ ಅದರ ಸುತ್ತ ನೆರೆದೆವು. ಸಭಾಂಗಣದ ಕೀಲಿ ಹಾಕುವ ಅಣ್ಣ ಬಂದು ಬಾಗಿಲಲ್ಲಿ ನಿಂತಾಗ ನಾವು ಮೊದಲ ಲೂಪ್ ಓದುತ್ತಿದ್ದೆವು.